ಚೈನ್ ಉದ್ದ ಆದರೆ ಒಂದು ಲಿಂಕ್ ತೆಗೆದರೆ ಸಾಲದಾ?

ಪ್ರಶ್ನೆ: ನನ್ನ ಬೈಕಿನ ಚೈನ್ ಪದೇ ಪದೇ ಸಡಿಲ ಆಗುತ್ತಿದೆ. ಹಿಂದಿನ ಚಕ್ರವನ್ನು ಹಿಂದಕ್ಕೆ ಸರಿಸಿ ಚೈನ್ ಬಿಗಿ ಮಾಡುವ ಅಡ್ಜಸ್ಟರ್ ಕೊನೆಯ ಗೆರೆಗೆ ಬಂದಿದೆ. ಹೊಸ ಚೈನ್ ಮನೆಯಲ್ಲೇ ಹಾಕಿಕೊಳ್ಳಬಹುದಾ? ಅಥವಾ ಸದ್ಯಕ್ಕೆ ಒಂದು ಲಿಂಕ್ ತೆಗೆಸಿದರೆ ಸಾಕಾ?

ಮೊದಲನೆಯದಕ್ಕೆ ಉತ್ತರ: ಹಾಕಿಕೊಳ್ಳಬಹುದು. ಎರಡನೆಯದಕ್ಕೆ: ಬೇಡ. ಈ 'ಬೇಡ'ವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಯಾರಾದರೊಬ್ಬರು "ನಮ್ಮ ಮೆಕ್ಯಾನಿಕ್ ಲಿಂಕ್ ತೆಗೆದುಕೊಟ್ರು, ಗಾಡಿ ಚೆನ್ನಾಗೇ ಓಡ್ತಿದೆಯಲ್ಲ ಸಾರ್" ಅನ್ನುತ್ತಾರೆ. ಓಡುತ್ತದೆ, ಇಲ್ಲ ಅಂದವರು ಯಾರು? ಹಲ್ಲುನೋವು ಇದ್ದವರೂ ಊಟ ಮಾಡುತ್ತಾರೆ.

ಈ ನಂಬಿಕೆಯ ಬುಡದಲ್ಲಿ ಒಂದು ತಪ್ಪು ಚಿತ್ರ ಇದೆ. ಚೈನ್ ರಬ್ಬರಿನ ಹಾಗೆ ಎಳೆದು ಎಳೆದು ಉದ್ದ ಆಗುತ್ತದೆ, ಜಾಸ್ತಿ ಆದದ್ದನ್ನು ಕತ್ತರಿಸಿ ಬಿಸಾಕಿದರೆ ಆಯಿತು ಅಂತ. ಆದರೆ ಚೈನಿನ ಪಕ್ಕದ ಉಕ್ಕಿನ ಪಟ್ಟಿಗಳು ಹಾಗೆಲ್ಲ ಹಿಗ್ಗುವುದಿಲ್ಲ. ಸವೆಯುವುದು ಒಳಗಿನ ಕೀಲು. ಪ್ರತಿ ಕೀಲಿನಲ್ಲೂ ಒಂದು ಪಿನ್, ಅದರ ಸುತ್ತ ಬುಷ್ ಅನ್ನುವ ಸಣ್ಣ ಕೊಳವೆ, ಬುಷ್ ಮೇಲೆ ರೋಲರ್ ಇರುತ್ತದೆ. ಚೈನ್ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ, ಮುಂದೊಂದು ಹಿಂದೊಂದು) ಹತ್ತುವಾಗ ಕೀಲು ಮಡಚುತ್ತದೆ, ಇಳಿಯುವಾಗ ನೆಟ್ಟಗಾಗುತ್ತದೆ. ಎಂಜಿನ್ ಎಳೆಯುತ್ತಿರುವಾಗಲೇ ಈ ಮಡಚಾಟ ನಡೆಯಬೇಕು. ಪಿನ್ನೂ ಬುಷ್ಷೂ ಒಂದನ್ನೊಂದು ತಿನ್ನುತ್ತಾ ಹೋಗುತ್ತವೆ.

ಈಗ ಸ್ವಲ್ಪ ಲೆಕ್ಕ. ಬೇಜಾರು ಮಾಡ್ಕೋಬೇಡಿ, ಕೂಡಿಸಿ ಗುಣಿಸುವಷ್ಟೇ. 118 ಲಿಂಕಿನ, 428 ಅನ್ನುವ ಅಳತೆಯ ಚೈನ್ ತೆಗೆದುಕೊಳ್ಳಿ. ಹೊಸದರಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಮೀ. (428ರಲ್ಲಿ ಮೊದಲ 4 ಅಂದರೆ ಇಂಚಿನ ಎಂಟರಲ್ಲಿ ನಾಲ್ಕು ಭಾಗ, ಅರ್ಧ ಇಂಚು.) ಪ್ರತಿ ಕೀಲಿನಲ್ಲಿ 0.2 ಮಿಮೀ, ಅಂದರೆ ಎರಡು ಹಾಳೆ ಕಾಗದದಷ್ಟು ಸವೆದಿದೆ ಅಂದುಕೊಳ್ಳಿ. 118 ಕೀಲಿಗೆ 23.6 ಮಿಮೀ ಆಯಿತು. ಹೆಚ್ಚುಕಡಿಮೆ ಎರಡು ಲಿಂಕಿನ ಉದ್ದ! ಕತ್ತರಿಸೋಣ ಅನ್ನಿಸುವುದು ಇಲ್ಲೇ. ಆದರೆ ಆ 23.6 ಮಿಮೀ ಒಂದೇ ಕಡೆ ಗುಡ್ಡೆ ಬಿದ್ದಿಲ್ಲ, ಚೈನಿನ ಉದ್ದಕ್ಕೂ ಹಂಚಿಹೋಗಿದೆ. ಎಲ್ಲಿ ಕತ್ತರಿಸಿದರೂ ಉಳಿದ ಕೀಲುಗಳು ಸವೆದ ಕೀಲುಗಳೇ. ಹಳೇ ಬನಿಯನ್ ಜೋತುಬಿದ್ದಿದೆ ಅಂತ ಕೆಳಗಿನ ಅಂಚು ಕತ್ತರಿಸಿದರೆ ಕುತ್ತಿಗೆ ಬಿಗಿ ಆಗುತ್ತಾ?

ಅಂದ ಹಾಗೆ 'ಒಂದು ಲಿಂಕ್' ತೆಗೆಯಲು ಬರುವುದೂ ಇಲ್ಲ. ಚೈನಿನಲ್ಲಿ ಒಳ ಲಿಂಕ್, ಹೊರ ಲಿಂಕ್ ಒಂದಾದ ಮೇಲೊಂದು ಬರುತ್ತವೆ. ತೆಗೆದರೆ ಜೋಡಿಯಾಗೇ ತೆಗೆಯಬೇಕು, 25.4 ಮಿಮೀ. ಆಗ ಹಿಂದಿನ ಚಕ್ರ ಮುಂದಕ್ಕೆ ಬಂದು ಅಡ್ಜಸ್ಟರಿಗೆ ಮತ್ತೆ ಜಾಗ ಸಿಗುತ್ತದೆ. ಮೋಸ ಇರುವುದು ಇಲ್ಲೇ. ಅಡ್ಜಸ್ಟರ್ ಕೊನೆ ಮುಟ್ಟಿದ್ದು ಎಚ್ಚರಿಕೆಯ ಗಂಟೆ. ನೀವು ಗಂಟೆಯ ನಾಲಿಗೆ ಕಿತ್ತಿಟ್ಟಿರಿ.

ಸ್ಪ್ರಾಕೆಟ್ಟಿನ ಹಲ್ಲುಗಳಿಗೆ ಈ ಸಂಗತಿ ಗೊತ್ತಿಲ್ಲವಲ್ಲ. ಅವುಗಳ ಅಂತರ ಹೊಸ ಚೈನಿಗೆ ಹೊಂದುವಂತೆ ಕಡೆದದ್ದು. ಸವೆದ ಚೈನಿನ ರೋಲರ್‌ಗಳು ಬುಡದಲ್ಲಿ ಕೂರದೆ ಹಲ್ಲಿನ ಮೇಲಕ್ಕೆ ಹತ್ತುತ್ತವೆ. ಹತ್ತಾರು ಹಲ್ಲು ಹೊರಬೇಕಾದ ಭಾರ ಕೆಲವೇ ಹಲ್ಲಿನ ಮೇಲೆ ಬೀಳುತ್ತದೆ. ಹಲ್ಲು ಕೊಕ್ಕೆಯ ಹಾಗೆ ಒಂದು ಕಡೆಗೆ ಬಾಗಿದಂತೆ ಸವೆಯುತ್ತದೆ. ಒಂದು ದಿನ ಜೋರಾಗಿ ಆಕ್ಸಿಲರೇಟರ್ ತಿರುಗಿಸಿದಾಗ ಚೈನ್ ಜಿಗಿಯುತ್ತದೆ, ಇಲ್ಲವೇ ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಬೇಡಿ ಅನ್ನುವುದೂ ಇದಕ್ಕೇ. ಕೊಕ್ಕೆ ಹಲ್ಲು ಹೊಸ ಚೈನನ್ನು ಬೇಗ ಹಾಳು ಮಾಡುತ್ತದೆ. ಎರಡು ಸ್ಪ್ರಾಕೆಟ್, ಒಂದು ಚೈನ್, ಮೂರೂ ಒಟ್ಟಿಗೆ.

ನನ್ನ ಮಾತು ನಂಬಬೇಡಿ, ಸ್ಕೇಲ್ ಇದೆ ತಾನೆ? ಚೈನನ್ನು ಬಿಗಿಯಾಗಿ ಎಳೆದು 21 ಪಿನ್ ಎಣಿಸಿ. ಮೊದಲ ಪಿನ್ನಿನ ನಡುವಿನಿಂದ ಕೊನೆಯದರ ನಡುವಿಗೆ ಹೊಸ 428 ಚೈನಿನಲ್ಲಿ 254 ಮಿಮೀ ಬರುತ್ತದೆ. 259ರ ಹತ್ತಿರ ಬಂದಿದ್ದರೆ ಅದರ ಆಯಸ್ಸು ಮುಗಿದಿದೆ. 520 ಚೈನಾದರೆ ಹೊಸದು 317.5, ಮಿತಿ ಸುಮಾರು 323. ಎರಡು ಮೂರು ಕಡೆ ಅಳೆಯಿರಿ, ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ.

ಇನ್ನು ಕೆಲಸ. ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ. ಚಕ್ರವನ್ನು ಕೈಯಲ್ಲಷ್ಟೇ ತಿರುಗಿಸಿ. ಎಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಕೈ ಹಾಕಿ ಬೆರಳು ಕಳೆದುಕೊಂಡವರಿದ್ದಾರೆ. ಎಲ್ಲರೂ ಮಾಡುವ ತಪ್ಪು ಅಂದರೆ ಮೊದಲು ಚೈನ್ ಬಿಚ್ಚಿಬಿಡುವುದು. ಆಮೇಲೆ ಮುಂದಿನ ಸ್ಪ್ರಾಕೆಟ್ಟಿನ ನಟ್ ಬಿಚ್ಚಲು ಹೋದರೆ ಅದು ಸ್ಪ್ಯಾನರ್ ಜೊತೆಗೇ ತಿರುಗುತ್ತದೆ. ಹಳೇ ಚೈನ್ ಇರುವಾಗಲೇ ಗೇರ್ ಹಾಕಿ, ಹಿಂದಿನ ಬ್ರೇಕ್ ಯಾರಿಗಾದರೂ ಒತ್ತಿಹಿಡಿಯಲು ಹೇಳಿ, ಆ ನಟ್ ಸಡಿಲ ಮಾಡಿಕೊಳ್ಳಿ.

ಸ್ಪ್ರಾಕೆಟ್‌ಗಳನ್ನು ಬದಲಾಯಿಸಿ ಹೊಸ ಚೈನ್ ಸುತ್ತಿದ ಮೇಲೆ ಅದರ ಎರಡು ತುದಿಗಳನ್ನು ಹಿಂದಿನ ಸ್ಪ್ರಾಕೆಟ್ಟಿನ ಪಕ್ಕಪಕ್ಕದ ಹಲ್ಲಿನ ಮೇಲೆ ಕೂರಿಸಿ ಲಾಕ್ (ಎರಡು ತುದಿ ಸೇರಿಸುವ, ಕ್ಲಿಪ್ ಇರುವ ಲಿಂಕ್) ಹಾಕಿ. ಆಗ ಮೂರನೇ ಕೈ ಬೇಕಾಗುವುದಿಲ್ಲ. ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ, ಬಾಯಿ ತೆರೆದ ತುದಿ ಹಿಂದಕ್ಕೆ. ಮೇಲಿನ ಸಾಲಿನಲ್ಲಿ ಮುಚ್ಚಿದ ತುದಿ ಬೈಕಿನ ಮುಂಭಾಗ ನೋಡಬೇಕು, ಕೆಳಗಿನ ಸಾಲಿಗೆ ಬಂದಾಗ ಹಿಂಭಾಗ. ಕ್ಲಿಪ್ಪಿನ ಬದಲು ಪಿನ್ನಿನ ತುದಿ ಅಗಲಿಸಿ ಕೂರಿಸುವ ರಿವೆಟ್ ಲಿಂಕ್ ಬರುವ ಚೈನಾದರೆ ಅದಕ್ಕೇ ಆದ ಟೂಲ್ ಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸುವ ಸಾಹಸ ಬೇಡ. ಎಷ್ಟು ಸಡಿಲ ಬಿಡಬೇಕು ಅನ್ನುವುದು ಮ್ಯಾನ್ಯುಅಲ್‌ನಲ್ಲಿ ಇರುತ್ತದೆ. ತೀರಾ ಬಿಗಿ ಮಾಡಿದರೆ ಗೇರ್‌ಬಾಕ್ಸಿನ ಬೇರಿಂಗ್ ಪೆಟ್ಟು ತಿನ್ನುತ್ತದೆ.

ಯಾರೂ ಕೇಳದ ಒಂದು ಮಾತು ಹೇಳಿಬಿಡುತ್ತೇನೆ. ಮುಂದಿನ ಸ್ಪ್ರಾಕೆಟ್ ಕೈಯಲ್ಲಿದ್ದಾಗ ಹಲ್ಲು ಎಣಿಸಿ ನೋಡಿ. ಎಷ್ಟೋ ಬೈಕ್‌ಗಳಲ್ಲಿ 13, 15 ಹೀಗೆ ಬೆಸ ಸಂಖ್ಯೆ ಇರುತ್ತದೆ. ಚೈನಿನ ಲಿಂಕ್ ಮಾತ್ರ ಯಾವಾಗಲೂ ಸರಿ ಸಂಖ್ಯೆ. ಸವೆದ ಚೈನಿನಲ್ಲಿ ಅಂತರ ಹೆಚ್ಚಾಗುವುದು ಹೊರ ಲಿಂಕಿನಲ್ಲಿ ಮಾತ್ರ. ಒಳ ಲಿಂಕಿನ ಎರಡು ಬುಷ್ಷನ್ನು ಪಟ್ಟಿಗೆ ಒತ್ತಿ ಕೂರಿಸಿರುವುದರಿಂದ ಅಲ್ಲಿ ಅಂತರ ಹಾಗೇ ಉಳಿಯುತ್ತದೆ. ಹಲ್ಲು 14 ಇದ್ದರೆ ಒಂದೇ ಹಲ್ಲಿಗೆ ಸದಾ ಒಳ ಲಿಂಕೇ, ಅದರ ಪಕ್ಕದ್ದಕ್ಕೆ ಸದಾ ಹೊರ ಲಿಂಕೇ ಸಿಗುತ್ತದೆ. 15 ಇದ್ದರೆ ಪ್ರತಿ ಸುತ್ತಿಗೂ ಅದಲುಬದಲು, ಸವೆತ ಎಲ್ಲ ಹಲ್ಲಿಗೂ ಹಂಚಿಹೋಗುತ್ತದೆ. 118 ಲಿಂಕಿನ ಚೈನ್ ಆಗಿದ್ದರೆ, ಒಂದು ಹಲ್ಲು ಒಂದು ಲಿಂಕನ್ನು ಮತ್ತೆ ಭೇಟಿ ಆಗುವುದು ಸ್ಪ್ರಾಕೆಟ್ 118 ಸುತ್ತು ಹಾಕಿದ ಮೇಲೆ. ಹಾಗಂತ 14 ಇದ್ದವರು 15 ಹುಡುಕಿಕೊಂಡು ಹೋಗಬೇಡಿ. ಗೇರ್ ಅನುಪಾತ ಬದಲಾಗುತ್ತದೆ, ಆಮೇಲೆ ಪಿಕಪ್ ಕಮ್ಮಿ ಆಯಿತು ಅಂತ ನನಗೇ ಬರೆಯುತ್ತೀರಿ.