50 ವರ್ಷದ ಸೆಸ್ನಾಗೆ 92 ಸಾವಿರ ಡಾಲರ್ ಕೊಡಬಹುದಾ?

ಪ್ರಶ್ನೆ: ಸಾರ್, ನಾವು ಡಲ್ಲಾಸ್ ಹತ್ರ ಇರೋದು, ನಾಲ್ಕು ಜನ ಸೇರಿ ಒಂದು ವಿಮಾನ ತಗೊಳೋಣ ಅಂತಿದೀವಿ. 1975ರ ಸೆಸ್ನಾ 172 ಎಂ, ಒಟ್ಟು 5,200 ಗಂಟೆ ಹಾರಿದೆ, ಇಂಜಿನ್ ಓವರ್‌ಹಾಲ್ ಆದ್ಮೇಲೆ 1,450 ಗಂಟೆ. 92,000 ಡಾಲರ್ ಹೇಳ್ತಿದಾರೆ. ಅದೇ ವಯಸ್ಸಿನ ಇನ್ನೊಂದು 98,000ಕ್ಕಿದೆ, ಅದರ ಇಂಜಿನ್ ಬರೀ 310 ಗಂಟೆ, ಪೇಂಟೂ ಹೊಸದು. ಎರಡನೇದೇ ಒಳ್ಳೇದಲ್ವಾ?

ಉತ್ತರ: ಗೊತ್ತಿಲ್ಲ, ಆದ್ರೆ ನನಗೆ ಭಯ ಆಗೋದು ಎರಡನೇದನ್ನ ನೋಡಿ. ಯಾಕೆ ಅಂತ ಹೇಳ್ತೀನಿ.

ಮೊದಲು ವಯಸ್ಸಿನ ವಿಷಯ ಮುಗಿಸಿಬಿಡೋಣ. ಜಕ್ಕೂರಲ್ಲಿ ಬೇಲಿ ಆಚೆ ನಿಂತು ನೋಡಿರ್ತೀರಲ್ಲ, ರೆಕ್ಕೆ ಮೇಲಿರೋ ಆ ಪುಟ್ಟ ವಿಮಾನ, ಅದೇ ಇದು. ಸೆಸ್ನಾದವರು 1986ರಲ್ಲಿ 172 ಮಾಡೋದೇ ನಿಲ್ಲಿಸಿಬಿಟ್ರು, ಕೋರ್ಟ್ ಕೇಸು ಇನ್ಶೂರೆನ್ಸ್ ಅಂತ ಖರ್ಚು ಮೈಮೇಲೆ ಬಂದಿತ್ತು, 1994ರಲ್ಲಿ ಹಳೇ ವಿಮಾನಗಳ ಮೇಲೆ ಕಂಪನಿ ಹೊಣೆಗೆ 18 ವರ್ಷದ ಮಿತಿ ಹಾಕೋ ಕಾನೂನು ಬಂದ್ಮೇಲೇನೇ 1996ರಲ್ಲಿ ಮತ್ತೆ ಶುರು ಮಾಡಿದ್ದು. ಈಗ ಹೊಸದು ಬೇಕಂದ್ರೆ ನಾಲ್ಕು ಲಕ್ಷ ಡಾಲರ್‌ಗೂ ಮೇಲೆ. ಹಾಗಾಗಿ ಎಪ್ಪತ್ತರ ದಶಕದ್ದಕ್ಕೆ ಬೇಡಿಕೆ ಕಮ್ಮಿ ಆಗಲ್ಲ. ಕಾರಿನ ಲೆಕ್ಕ ಇಲ್ಲಿಗೆ ತರಬೇಡಿ, ಪ್ರತಿ 12 ತಿಂಗಳಿಗೊಮ್ಮೆ ಇದನ್ನ ಬಿಚ್ಚಿ ಆನ್ಯುಯಲ್, ಅಂದ್ರೆ ವಾರ್ಷಿಕ ತಪಾಸಣೆ, ಮಾಡ್ಲೇಬೇಕು.

ಈಗ ಇಂಜಿನ್. ಎಂ ಮಾಡೆಲ್ಲಲ್ಲಿರೋದು 150 ಹಾರ್ಸ್‌ಪವರ್‌ನ ಲೈಕಮಿಂಗ್ ಓ-320, ಇದಕ್ಕೆ ಕಂಪನಿ ಹೇಳೋ ಓವರ್‌ಹಾಲ್ ಅವಧಿ 2,000 ಗಂಟೆ. ಬೆಲೆ ಪುಸ್ತಕಗಳು ಸಾಮಾನ್ಯವಾಗಿ ಇಂಜಿನ್ ಅರ್ಧ ಆಯಸ್ಸಲ್ಲಿದೆ ಅಂತ ಇಟ್ಕೊಂಡು ರೇಟ್ ಕೊಡ್ತವೆ, ಅಂದ್ರೆ 1,000 ಗಂಟೆ. ಓವರ್‌ಹಾಲ್‌ಗೆ 36,000 ಡಾಲರ್ ಅಂತ ಇಟ್ಕೊಳಿ (ನಿಮ್ಮೂರ ಶಾಪಲ್ಲಿ ಕೇಳಿ, ನಿಜವಾದ ಕೊಟೇಶನ್ ತಗೊಳಿ), ಗಂಟೆಗೆ 18 ಡಾಲರ್ ಬಿತ್ತು. ನಿಮ್ಮದು ಅರ್ಧಕ್ಕಿಂತ 450 ಗಂಟೆ ಜಾಸ್ತಿ ಓಡಿದೆ, ಹಂಗಾದ್ರೆ 8,100 ಕಳೀರಿ. ಎರಡನೇದಕ್ಕೆ 690 ಗಂಟೆ ಲಾಭ, 12,400 ಚಿಲ್ಲರೆ ಕೂಡಿಸಿ. ಎಲ್ಲರೂ ಮಾಡೋ ಲೆಕ್ಕ ಇದು, ಮಾರೋರೂ ಇದನ್ನೇ ಹಿಡ್ಕೊಂಡು ರೇಟ್ ಹೇಳೋದು.

ಈ ಲೆಕ್ಕದಲ್ಲಿ ಒಂದು ತೂತಿದೆ. ಗಂಟೆ ಎಣಿಸತ್ತೆ, ವರ್ಷ ಎಣಿಸಲ್ಲ.

ಲೈಕಮಿಂಗ್‌ನವರೇ 2,000 ಗಂಟೆ ಜೊತೆಗೆ 12 ವರ್ಷ ಅಂತಾನೂ ಹೇಳಿದಾರೆ, ಅದನ್ನ ಜಾಹೀರಾತಲ್ಲಿ ಯಾರೂ ಹಾಕಲ್ಲ. ಸ್ವಂತಕ್ಕೆ ಹಾರಿಸೋರಿಗೆ ಇವೆರಡೂ ಕಡ್ಡಾಯ ಅಲ್ಲ ನಿಜ, ಆದ್ರೆ ಕಾರಣ ಇದೆ. ಈ ಇಂಜಿನ್ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನ ತೆರೆಸೋ ದಂಡ) ಇರೋದು ಕ್ರ್ಯಾಂಕ್‌ಶಾಫ್ಟ್ ಮೇಲೆ. ತಿಂಗಳುಗಟ್ಟಲೆ ಹ್ಯಾಂಗರಲ್ಲಿ ನಿಂತ್ರೆ ಎಣ್ಣೆ ಎಲ್ಲ ಕೆಳಗಿಳಿದು ಕ್ಯಾಮ್ ಒಣಗತ್ತೆ, ತುಕ್ಕಿನ ಸಣ್ಣ ಚುಕ್ಕಿ ಬೀಳತ್ತೆ, ಆಮೇಲೆ ಸ್ಟಾರ್ಟ್ ಮಾಡಿದ್ರೆ ಆ ಚುಕ್ಕಿ, ಕ್ಯಾಮ್ ಮೇಲೆ ಉಜ್ಜಿಕೊಂಡು ವಾಲ್ವ್ ತಳ್ಳೋ ಲಿಫ್ಟರ್‌ನ ತಿನ್ನತ್ತೆ.

ನಾನು ಕೆಲವು ವರ್ಷದ ಹಿಂದೆ ಇಂಥದ್ದೇ ಒಂದಕ್ಕೆ ಬಿದ್ದಿದ್ದೆ. ಓವರ್‌ಹಾಲ್ ಆಗಿ 280 ಗಂಟೆ, ಪೇಂಟ್ ಕನ್ನಡಿ ಥರ, ಸೀಟಿಗೆ ಹೊಸ ಲೆದರ್. ಕಂಪ್ರೆಷನ್ ಟೆಸ್ಟ್ ಮಾಡಿದ್ರೆ ನಾಲ್ಕೂ ಸಿಲಿಂಡರ್ 80ಕ್ಕೆ 74, 75 ಹಿಂಗೆ ಬಂತು, ನಾನು ಮನಸ್ಸಲ್ಲೇ ಚೆಕ್ ಬರೆದುಬಿಟ್ಟಿದ್ದೆ. ನಾನು ಕರ್ಕೊಂಡು ಹೋಗಿದ್ದ ಮೆಕ್ಯಾನಿಕ್ ಮಾತಾಡ್ಲಿಲ್ಲ, ಆಯಿಲ್ ಫಿಲ್ಟರ್ ಬಿಚ್ಚಿ, ಡಬ್ಬಿ ಥರ ಕತ್ತರಿಸಿ, ಒಳಗಿನ ಮಡಿಕೆ ಕಾಗದಾನ ಬಿಡಿಸಿ ಬಿಸಿಲಿಗೆ ಹಿಡಿದ. ಮಿಣಮಿಣ ಅಂತು. ಆಯಸ್ಕಾಂತ ಆಡಿಸಿದ್ರೆ ಮೀಸೆ ಥರ ಅಂಟ್ಕೊಂತು. ಕಬ್ಬಿಣದ ಪುಡಿ! ಮಾರೋ ಯಜಮಾನ್ರು "ಹೊಸ ಇಂಜಿನ್ನಲ್ಲಿ ಅಷ್ಟು ಇರತ್ತೆ" ಅಂದ್ರು. ಲಾಗ್‌ಬುಕ್ ತಿರುಗಿಸಿ ನೋಡಿದ್ರೆ ಆ "ಹೊಸ" ಇಂಜಿನ್ನಿಗೆ 17 ವರ್ಷ, ಮಧ್ಯದಲ್ಲಿ ಆರು ವರ್ಷಕ್ಕೆ ಒಟ್ಟು 19 ಗಂಟೆ. ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ. ಕಂಪ್ರೆಷನ್ ಹೇಳೋದು ಸಿಲಿಂಡರ್ ಕಥೆ, ಕ್ಯಾಮ್ ಕಥೆ ಹೇಳಲ್ಲ ಅನ್ನೋದು ನನಗೆ ಅವತ್ತೇ ತಲೆಗೆ ಹೋಗಿದ್ದು. ಇನ್ಸ್‌ಪೆಕ್ಷನ್ ದುಡ್ಡು ಹೋಯ್ತು, ಇಂಜಿನ್ ದುಡ್ಡು ಉಳೀತು.

ಅದಕ್ಕೇ ನಿಮ್ಮ 1,450 ಗಂಟೆ ಇಂಜಿನ್ ಬಗ್ಗೆ ನಾನು ಕೇಳೋದು ಒಂದೇ, ವರ್ಷಕ್ಕೆ ಎಷ್ಟು ಹಾರಿದೆ? ಪ್ರತಿ ಆನ್ಯುಯಲ್ ಎಂಟ್ರಿಲಿ ಗಂಟೆ ಬರೆದಿರ್ತಾರೆ, ಒಂದು ಹಾಳೆ ತಗೊಂಡು ಹತ್ತು ವರ್ಷದ್ದು ಸಾಲಾಗಿ ಬರೆದು ಒಂದರಿಂದ ಒಂದು ಕಳೀರಿ. ವರ್ಷಕ್ಕೆ 80, 100 ಬರ್ತಾ ಇದ್ರೆ ಅದು ದುಡಿಯೋ ವಿಮಾನ, ಮಾರ್ಕೆಟ್ ಅದಕ್ಕೆ 8,100 ಕಮ್ಮಿ ಮಾಡ್ತಿದೆ ಅಂದ್ರೆ ನಿಮಗೇ ಲಾಭ. ಗಂಟೆಗೆ 18 ಡಾಲರ್ ಪಕ್ಕಕ್ಕಿಡೋದನ್ನ ಮಾತ್ರ ಮೊದಲ ದಿನದಿಂದಾನೇ ಶುರು ಮಾಡಿ, ನಾಲ್ಕು ಜನ ಪಾರ್ಟ್‌ನರ್ಸ್ ಜಗಳ ಆಡೋದು ಯಾವಾಗ್ಲೂ ಅಲ್ಲೇ.

ಮಿಕ್ಕಿದ್ದು ಬೇಗ ಹೇಳ್ತೀನಿ. ಲಾಗ್‌ಬುಕ್ ಮೊದಲಿಂದ ಇದೆಯಾ ನೋಡಿ, ಕಳೆದಿದ್ರೆ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಹೊರಡಿಸಿರೋ ಎಡಿಗಳನ್ನ, ಅಂದ್ರೆ ಕಡ್ಡಾಯ ಸುರಕ್ಷತಾ ಆದೇಶಗಳನ್ನ, ಪಾಲಿಸಿದಾರೆ ಅನ್ನೋಕೆ ಸಾಕ್ಷಿ ಇಲ್ಲ, ಬೆಲೆ ಇಳೀಲೇಬೇಕು. ಒಕ್ಲಹೋಮ ಸಿಟಿಲಿರೋ ಎಫ್‌ಎಎ ದಾಖಲೆ ತರಿಸಿ, ದೊಡ್ಡ ರಿಪೇರಿ ಆಗಿದ್ರೆ ಅದರ 337 ಫಾರ್ಮ್ ಅಲ್ಲಿರಬೇಕು, ಸಾಲ ಏನಾದ್ರೂ ಇದೆಯಾ ಅನ್ನೋದಕ್ಕೆ ಟೈಟಲ್ ಸರ್ಚೂ ಮಾಡಿಸಿ. ಸಮುದ್ರದ ಹತ್ರ ಇದ್ದಿದ್ದಾ ಕೇಳಿ, ಆ ಕಾಲದ ಎಷ್ಟೋ ಸೆಸ್ನಾಗಳಿಗೆ ಒಳಗಡೆ ಪ್ರೈಮರ್ರೇ ಹೊಡೆದಿಲ್ಲ, ರಿವೆಟ್ ಸಾಲಲ್ಲಿ ಪೇಂಟ್ ಉಬ್ಬಿದ್ರೆ ಅಡಿಯಲ್ಲಿ ಬಿಳಿ ಪುಡಿ ಇರತ್ತೆ, ಅದು ಅಲ್ಯೂಮಿನಿಯಂ ತುಕ್ಕು. ಡ್ರೈವರ್ ಸೀಟ್ ಅಂತೀನಿ ನಾನು, ಪೈಲಟ್ ಸೀಟಿನ ಹಳಿ ತೂತು ಸವೆದಿದೆಯಾ ನೋಡಿ, ಅದಕ್ಕೇ ಒಂದು ಎಡಿ ಇದೆ. ಎಡಿಎಸ್-ಬಿ (ವಿಮಾನ ಎಲ್ಲಿದೆ ಅಂತ ತಾನೇ ಸಿಗ್ನಲ್ ಕಳಿಸೋ ಸಾಧನ) ಇಲ್ದೇ ಇದ್ರೆ ಹಾಕಿಸೋ ಖರ್ಚು ಪೂರ್ತಿ ಕಳೀರಿ, 2020ರ ಜನವರಿಯಿಂದ ಡಲ್ಲಾಸ್ ಸುತ್ತ ಅದಿಲ್ದೆ ಕಷ್ಟ. ಆದ್ರೆ ಅವರು ಕಾಕ್‌ಪಿಟ್ಟಿಗೆ 25,000ದ ಹೊಸ ಸ್ಕ್ರೀನ್ ಹಾಕಿಸಿದೀವಿ ಅಂದ್ರೆ ಅಷ್ಟೂ ಕೂಡಿಸಬೇಡಿ, ಅರ್ಧ ಕೊಟ್ರೆ ಜಾಸ್ತಿ.

ಇನ್ನೊಂದು ಮಾತು, ಜಾಹೀರಾತಲ್ಲಿರೋದು ಕೇಳೋ ಬೆಲೆ, ಮಾರಿದ ಬೆಲೆ ಅಲ್ಲ. ನಿಮ್ಮ ಲೋನ್ ಕೊಡೋರನ್ನೂ ಇನ್ಶೂರೆನ್ಸ್‌ನೋರನ್ನೂ ಕೇಳಿ, ಅವರ ಹತ್ರ ಬೇರೆ ಅಂಕಿ ಇರತ್ತೆ.

ನಾನಾಗಿದ್ರೆ ಮೊದಲನೇದಕ್ಕೆ 85,000 ಹೇಳಿ, ಮಾರೋರ ಮೆಕ್ಯಾನಿಕ್ ಅಲ್ದೇ ಬೇರೆಯವನ ಹತ್ರ ಪ್ರೀಬೈ, ಅಂದ್ರೆ ಕೊಳ್ಳೋ ಮುಂಚಿನ ತಪಾಸಣೆ, ಮಾಡಿಸ್ತೀನಿ, ಹಾರೋಕೆ ಅಡ್ಡಿ ಆಗೋ ದೋಷ ಏನೇ ಸಿಕ್ರೂ ಅವರ ಖರ್ಚು ಅಂತ ಮೊದಲೇ ಬರೆಸ್ಕೊಂಡು. ಎರಡನೇದರ ಓವರ್‌ಹಾಲ್ ಯಾವ ವರ್ಷದ್ದು ಅಂತ ಒಂದು ಫೋನ್ ಹಾಕಿ ಕೇಳಿ. "310 ಗಂಟೆ ಅಷ್ಟೇ ಸಾರ್" ಅಂತಾನೇ ಮತ್ತೆ ಹೇಳಿದ್ರೆ ಅಲ್ಲಿಗೆ ಹೋಗೋ ಪೆಟ್ರೋಲೂ ಉಳಿಸ್ಕೊಳಿ.