ಎಷ್ಟು ಚಮಚ ಅರಿಶಿನ? ಶುಗರ್ ಕಣ್ಣಿಗೆ ಗಿಡದ ಮದ್ದು ಹುಡುಕಿದ ಕಥೆ

ಹೋದ ತಿಂಗಳು ದೊಡ್ಡಮ್ಮನ್ನ ಕಣ್ಣಿನ ಚೆಕಪ್‌ಗೆ ಕರ್ಕೊಂಡು ಹೋಗಿದ್ದೆ. ಡ್ರಾಪ್ಸ್ ಹಾಕಿ ಕಣ್ಣು ಮುಚ್ಚಿ ಕೂರಿಸಿದ್ರು, ಪಕ್ಕದಲ್ಲಿದ್ದ ಅಜ್ಜ ಒಬ್ರು ಅರಿಶಿನಕ್ಕೆ ಕರಿಮೆಣಸಿನ ಪುಡಿ ಹಾಕಿ ಕುಡಿದ್ರೆ ಶುಗರ್‌ನಿಂದ ಹಾಳಾದ ಕಣ್ಣು ಸರಿಹೋಗುತ್ತೆ ಅಂತ ವಾಟ್ಸಾಪ್‌ಲಿ ಬಂದಿದ್ದನ್ನ ಜೋರಾಗಿ ಹೇಳ್ತಿದ್ರು. ದೊಡ್ಡಮ್ಮ ಕಣ್ಣು ಮುಚ್ಕೊಂಡೇ "ಎಷ್ಟು ಚಮಚ ಅಂತ ಕೇಳೋ" ಅಂದ್ರು. ನಗು ಬಂತು, ಆದ್ರೆ ಮನೆಗೆ ಬಂದು ಓದ್ತಾ ಕೂತಾಗ ಗೊತ್ತಾಯ್ತು, ಕೇಳಬೇಕಾದ ಪ್ರಶ್ನೆ ಅದೇ.

ಈ ಮಾತಿಗೆ ಬುಡವೇ ಇಲ್ಲ ಅಂತೇನಲ್ಲ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದಾಗ ಕಣ್ಣಿನ ಲೆನ್ಸ್ ಒಳಗಿರೋ ಆಲ್ಡೋಸ್ ರಿಡಕ್ಟೇಸ್ ಅನ್ನೋ ಕಿಣ್ವ ಅದನ್ನ ಸಾರ್ಬಿಟಾಲ್ ಅನ್ನೋ ಸಕ್ಕರೆಯಂಥದೇ ವಸ್ತು ಮಾಡುತ್ತೆ, ಅದು ಹೊರಗೆ ಹೋಗದೆ ಅಲ್ಲೇ ಕೂತು ನೀರು ಎಳ್ಕೊಳ್ಳುತ್ತೆ, ಲೆನ್ಸ್ ಊದ್ಕೊಂಡು ಪೊರೆ ಬರುತ್ತೆ. 1975ರಲ್ಲಿ ಅಮೆರಿಕದಲ್ಲಿ ವರ್ಮ, ಕಿನೊಶಿಟ ಮತ್ತವರ ಜೊತೆಗಾರರು ಗಿಡಗಳಲ್ಲಿರೋ ಫ್ಲೇವನಾಯ್ಡ್‌ಗಳು ಈ ಕಿಣ್ವಾನ ತಡೀತಾವೆ ಅಂತ ತೋರಿಸಿದ್ರು, ನಮ್ಮ ಈರುಳ್ಳಿಲಿರೋ ಕ್ವೆರ್ಸೆಟಿನ್ ಇದೇ ಜಾತಿದು. 1977ರಲ್ಲಿ ಡೆಗು ಅನ್ನೋ ಚಿಲಿ ದೇಶದ ಇಲಿಯಂಥ ಪ್ರಾಣಿಗೆ ಇದರ ಹತ್ತಿರದ ಸಂಬಂಧಿ ಕ್ವೆರ್ಸಿಟ್ರಿನ್ ಕೊಟ್ಟಾಗ ಪೊರೆ ಬರೋದು ತಡವಾಯ್ತು.

ಅಲ್ಲಿಂದ ಔಷಧಿ ಕಂಪನಿಗಳೂ ಈ ಕಿಣ್ವದ ಹಿಂದೆ ಬಿದ್ವು. ಸಾರ್ಬಿನಿಲ್ ಅನ್ನೋ ಮಾತ್ರೇನ, ಇದು ಲ್ಯಾಬಲ್ಲೇ ಮಾಡಿದ್ದು, 497 ಜನ ಡಯಾಬಿಟಿಸ್ ರೋಗಿಗಳ ಮೇಲೆ ವರ್ಷಗಟ್ಟಲೆ ಟ್ರಯಲ್ ಮಾಡಿದ್ರು, 1990ರಲ್ಲಿ ರಿಸಲ್ಟ್ ಬಂತು: ರೆಟಿನಾಗೆ, ಅಂದ್ರೆ ಕಣ್ಣಿನ ಹಿಂಭಾಗದ ಪರದೆಗೆ, ಹೇಳ್ಕೊಳ್ಳೋಂಥ ಲಾಭ ಇಲ್ಲ, ಮೇಲಿಂದ ನೂರಕ್ಕೆ ಏಳು ಜನಕ್ಕೆ ಅಲರ್ಜಿ. ನನ್ನ ಪ್ರಕಾರ ಈ ಕಥೆ ಎಡವಿದ್ದು ಇಲ್ಲೇ. ಪೊರೆ ಲೆನ್ಸಿನ ಕಾಯಿಲೆ, ಆದ್ರೆ ರೆಟಿನೋಪತಿ ಅಂದ್ರೆ ಹಿಂಭಾಗದ ಪರದೆಯ ಸಣ್ಣ ಸಣ್ಣ ರಕ್ತನಾಳ ಉಬ್ಬಿ, ಸೋರಿ, ಮುಚ್ಕೊಂಡು, ಕೊನೆಗೆ ಬೇಡದ ಹೊಸ ನಾಳ ಬೆಳೆಯೋದು. ಫಾರ್ವರ್ಡ್ ಮಾಡೋರಿಗೆ ಎರಡೂ "ಶುಗರ್ ಕಣ್ಣು" ಅಷ್ಟೇ. ಅಷ್ಟೊತ್ತಿಗೆ ಲೇಸರ್ ಬಂದಾಗಿತ್ತು, ಆಮೇಲೆ ಕಣ್ಣೊಳಗೆ ಕೊಡೋ ಇಂಜೆಕ್ಷನ್ನೂ ಬಂತು, ಇವತ್ತಿಗೂ ಚಿಕಿತ್ಸೆ ಅಂದ್ರೆ ಮುಖ್ಯವಾಗಿ ಅವೇ.

ಅರಿಶಿನದ ಸರದಿ ಬಂದಿದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಿಂದ. 2005ರಲ್ಲಿ ಅವರು ಡಯಾಬಿಟಿಸ್ ಬರಿಸಿದ ಇಲಿಗಳಿಗೆ ಅರಿಶಿನ ಮತ್ತು ಅದರಲ್ಲಿರೋ ಹಳದಿ ಅಂಶ ಕರ್ಕ್ಯುಮಿನ್ ತಿನ್ನಿಸಿ ಪೊರೆ ತಡವಾಗೋದನ್ನ ತೋರಿಸಿದ್ರು, ಇದೂ ಪೊರೆನೇ ನೋಡಿ. ನನಗೆ ಇಷ್ಟ ಆಗಿದ್ದು ಅದಕ್ಕಿಂತ ಮುಂಚಿನ 2003ರ ಕೆಲಸ. ಗ್ಯಾಲಕ್ಟೋಸ್ ಅನ್ನೋ ಸಕ್ಕರೆ ಕೊಟ್ಟು ಪೊರೆ ಬರಿಸಿದ ಇಲಿಗಳ ಆಹಾರದಲ್ಲಿ 0.002% ಕರ್ಕ್ಯುಮಿನ್ ಹಾಕಿದಾಗ ಪೊರೆ ನಿಧಾನ ಆಯ್ತು, ಅದನ್ನೇ 0.01%ಗೆ ಏರಿಸಿದಾಗ ಪೊರೆ ಬಲಿಯೋದು ಇನ್ನೂ ಜೋರಾಯ್ತು! ಜಾಸ್ತಿ ಹಾಕಿದ್ರೆ ಜಾಸ್ತಿ ಒಳ್ಳೇದು ಅನ್ನೋ ಲೆಕ್ಕ ಅಲ್ಲೇ ಕೈಕೊಡ್ತು.

ಇನ್ನು ಮೆಣಸು. ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರೋದೇ ಕಷ್ಟ, 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಅಂಶ ಪೈಪರೀನ್ 20 ಮಿಲಿಗ್ರಾಂ ಕೊಟ್ಟು ನೋಡಿದಾಗ ರಕ್ತಕ್ಕೆ ಸೇರೋದು 2000% ಏರಿತ್ತು. ಅಜ್ಜನ ಕಷಾಯದ ಮೂಲ ಇದೇ ಇರ್ಬೇಕು. ಆದ್ರೆ ಅದು ಆರೋಗ್ಯವಂತರ ರಕ್ತದ ಲೆಕ್ಕ, ಕಣ್ಣಿನದಲ್ಲ. 2017ರಲ್ಲಿ ರಸಾಯನಶಾಸ್ತ್ರಜ್ಞರು ಕೂತು ಕರ್ಕ್ಯುಮಿನ್ ಬಗ್ಗೆ ಬಂದಿದ್ದನ್ನೆಲ್ಲ ತಿರುವಿ ಹಾಕಿ, ಯಾವ ಕಾಯಿಲೆಗೂ ಸರಿಯಾದ ಡಬಲ್ ಬ್ಲೈಂಡ್ ಟ್ರಯಲಲ್ಲಿ (ಯಾರಿಗೆ ನಿಜವಾದ ಮದ್ದು ಸಿಕ್ತು ಅಂತ ರೋಗಿಗೂ ಡಾಕ್ಟರಿಗೂ ಗೊತ್ತಿರದ ಪರೀಕ್ಷೆ) ಇದು ಗೆದ್ದಿಲ್ಲ ಅಂತ ಬರೆದ್ರು. ಪೈಪರೀನ್ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ತಗೊಂಡು ಲಿವರ್ ಕೆಡಿಸ್ಕೊಂಡ ಕೇಸುಗಳೂ ವರದಿಯಾಗಿವೆ.

ದೊಡ್ಡಮ್ಮನ ಪ್ರಶ್ನೆಗೆ ಲೆಕ್ಕ ಹಾಕಿದೆ. ಅರಿಶಿನ ಪುಡಿಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಮೂರು ಭಾಗದ ಆಸುಪಾಸು, ಅಂದ್ರೆ ಆ 2 ಗ್ರಾಂಗೆ 60 ಗ್ರಾಂ ಮೇಲೆ ಪುಡಿ ಬೇಕು, ಟೀ ಚಮಚದಲ್ಲಿ ಸುಮಾರು ಇಪ್ಪತ್ತು. ಫೋನಲ್ಲಿ ಹೇಳ್ದೆ. "ಇಪ್ಪತ್ತಾ? ನಾನು ಸಾರಿಗೆ ಕಾಲು ಚಮಚ ಹಾಕೋಳು" ಅಂತಂದು, ಆರು ತಿಂಗಳಿಗೆ ಮತ್ತೆ ಚೆಕಪ್‌ಗೆ ಬರೆದಿದಾರಲ್ಲ, ಡೇಟ್ ನೆನಪಿಟ್ಕೋ ಅಂದ್ರು.