ಕೀಸುಳಿಯ ಬಾಯಿ

ಹಳೆಯ ಮನೆಯ ಮಾಡು ಬಿಚ್ಚುವಾಗ ಸಿಗುವ ಕಿರಾಲುಬೋಗಿಯ ಪಕ್ಕಾಸನ್ನು ಸೌದೆಯ ರಾಶಿಗೆ ಸೇರಿಸುವ ಮೊದಲು ಒಂದಡಿ ಉದ್ದದ ತುಂಡನ್ನಾದರೂ ಎತ್ತಿಟ್ಟುಕೊಳ್ಳಬೇಕು. ಹತ್ತಾರು ಮಳೆಗಾಲ ಕಂಡು, ಹಿಗ್ಗಿ ಕುಗ್ಗಿ ಹದಕ್ಕೆ ಬಂದ ಅಂಥ ಗಟ್ಟಿ ಮರ, ಹಲಗೆಯ ಮೈ ಹೆರೆದು ನಯಗೊಳಿಸುವ ಕೀಸುಳಿಯ ಒಡಲಿಗೆ ಹೇಳಿಮಾಡಿಸಿದ್ದು. ನಾವು ಕೀಸುಳಿ ಎನ್ನುವುದನ್ನು ಕಾಸರಗೋಡಿನ ಮಲಯಾಳಿ ಆಶಾರಿಗಳು ಚಿಂತೇರು ಎನ್ನುತ್ತಾರೆ. ಹೆಸರು ಯಾವುದಾದರೂ ಅದರ ಗುಟ್ಟು ತಳದಲ್ಲಿ ಅಲಗಿನ ಮೊನೆ ಹೊರಚಾಚುವ ಸಣ್ಣ ಸೀಳಿನಲ್ಲಿ, ಅಂದರೆ ಬಾಯಿಯಲ್ಲಿ ಇದೆ.

ಅಲಗು ಮರವನ್ನು ಬರಿದೇ ಕತ್ತರಿಸುವುದಿಲ್ಲ. ಎದ್ದ ಸುರುಳಿಯು ಸನ್ನೆಗೋಲಿನಂತೆ ತನ್ನ ಬುಡದ ನಾರನ್ನು ಮೀಟುವುದರಿಂದ ಅಲಗಿನ ಮೊನೆಗಿಂತ ಮುಂದೆಯೇ ಒಂದು ಬಿರುಕು ಓಡುತ್ತದೆ. ಕೀಸುವ ದಿಕ್ಕಿನಲ್ಲಿ ನಾರು ಮರದೊಳಕ್ಕೆ ಇಳಿಯುತ್ತಿದ್ದರೆ ಬಿರುಕೂ ಅದರ ಬೆನ್ನುಹತ್ತಿ ಇಳಿದು, ಮೇಲ್ಮೈ ಚಕ್ಕೆಚಕ್ಕೆಯಾಗಿ ಎದ್ದುಹೋಗುತ್ತದೆ. ಹಲಸಿನ ಹಲಗೆ ಕೀಸಿದವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಅದರ ನಾರು ಪದರಕ್ಕೊಂದು ದಿಕ್ಕು ಹಿಡಿದಿರುತ್ತದೆ. ಆದರೆ ಅಲಗಿನ ಮುಂದಿರುವ ತಳದ ಅಂಚು ಮರವನ್ನು ಒತ್ತಿ ಹಿಡಿದಿದ್ದರೆ ಬಿರುಕಿಗೆ ಓಡಲು ಎಡೆಯೇ ಇರುವುದಿಲ್ಲ, ಸುರುಳಿ ಅಲ್ಲಿಯೇ ಬಾಗಿ ಮುರಿಯುತ್ತದೆ. ಆದ್ದರಿಂದ ನಯಗೊಳಿಸುವ ಕೀಸುಳಿಯ ಬಾಯಿ ಅರ್ಧ ಮಿಲಿಮೀಟರಿಗಿಂತ ಕಿರಿದಾಗಿದ್ದಷ್ಟು ಒಳ್ಳೆಯದು. ಅಲಗನ್ನು ಸಾಮಾನ್ಯವಾಗಿ 45 ಡಿಗ್ರಿ ಓರೆಯಲ್ಲಿ ಕೂರಿಸುತ್ತಾರೆ. ಹಠಮಾರಿ ಮರಕ್ಕೆ 50 ಅಥವಾ 55 ಡಿಗ್ರಿ ವಾಸಿ, ತೋಳಿಗೆ ಮಾತ್ರ ಶ್ರಮ ಹೆಚ್ಚು.

ಇಡೀ ದಿಮ್ಮಿಯನ್ನು ಉಳಿಯಿಂದ ಕೊರೆದು ಇಂಥ ಬಾಯಿ ತೆರೆಯುವುದು ನುರಿತ ಕೈಗಳ ಕೆಲಸ. ಹವ್ಯಾಸಿಗಳಿಗೆ ಸುಲಭದ ದಾರಿಯನ್ನು ಜನಪ್ರಿಯಗೊಳಿಸಿದವರು ಪೀಠೋಪಕರಣ ಕುಶಲಕರ್ಮಿ ಜೇಮ್ಸ್ ಕ್ರೆನೊವ್ (1920–2009). ದಿಮ್ಮಿಯ ಎರಡೂ ಬದಿಯಿಂದ ಒಂದೊಂದು ತೆಳು ಹಲಗೆಯನ್ನು ಗರಗಸದಿಂದ ಸೀಳಿ ತೆಗೆದು, ನಡುವಿನ ತುಂಡನ್ನು ಓರೆಯಾಗಿ ಕತ್ತರಿಸಿ, ಹಿಂದಿನ ಓರೆಯ ಮೇಲೆ ಅಲಗು ಕೂರುವಂತೆ ಎರಡು ತುಂಡುಗಳನ್ನು ಜೋಡಿಸಿ, ಬದಿಯ ಹಲಗೆಗಳನ್ನು ಮತ್ತೆ ಅಂಟಿನಿಂದ ಕೂಡಿಸಿದರೆ ಒಳಗಿನ ಪೊಳ್ಳು ಕೊರೆಯದೆಯೇ ಸಿದ್ಧ. ಅಲಗನ್ನು ಬಿಗಿಹಿಡಿಯುವ ಬೆಣೆಗೆ ಆನಿಕೆಯಾಗಿ ಅಡ್ಡಕ್ಕೊಂದು ಮರದ ಗೂಟ. ಬಾಯಿಯನ್ನು ಮೊದಲು ಅಲಗು ತೂರದಷ್ಟು ಕಿರಿದಾಗಿಯೇ ಬಿಟ್ಟು, ಆಮೇಲೆ ಅರದಿಂದ ಎರಡೆರಡು ಎಳೆತಕ್ಕೊಮ್ಮೆ ನೋಡುತ್ತ ಹಿಗ್ಗಿಸಬೇಕು. ಅವಸರಪಟ್ಟು ಹಿಗ್ಗಿಸಿದ ಬಾಯಿಯನ್ನು ಮುಚ್ಚಲು ತಳಕ್ಕೆ ಬೇರೆ ಮರದ ತುಂಡು ಕೂರಿಸಬೇಕಾಗುತ್ತದೆ. ನನ್ನ ಮೊದಲ ಕೀಸುಳಿಯಲ್ಲಿ ಆ ತೇಪೆ ಇಂದಿಗೂ ಕಾಣುತ್ತದೆ.

ಇನ್ನು ನಮ್ಮ ಮಳೆ. ಗಾಳಿಯ ಆರ್ದ್ರತೆ 65 ಪ್ರತಿಶತ ಇದ್ದಾಗ ಮರದ ತೇವಾಂಶ ಸುಮಾರು 12 ಪ್ರತಿಶತಕ್ಕೆ ಬಂದು ನಿಲ್ಲುತ್ತದೆ, 90ಕ್ಕೆ ಏರಿದರೆ 20ರ ಹತ್ತಿರ ಹೋಗುತ್ತದೆ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅಡ್ಡಕ್ಕೆ ಹಿಗ್ಗುತ್ತದೆ, ಅದರಲ್ಲಿಯೂ ವಾರ್ಷಿಕ ಉಂಗುರಗಳ ಗುಂಟ ಹಿಗ್ಗುವುದು ತಿರುಳಿನಿಂದ ತೊಗಟೆಯತ್ತ ಹಿಗ್ಗುವುದರ ಸುಮಾರು ಎರಡು ಪಟ್ಟು. ಹೀಗಾಗಿ ಏಪ್ರಿಲ್‌ನಲ್ಲಿ ಸಪಾಟಾಗಿದ್ದ ತಳ ಜುಲೈಯಲ್ಲಿ ಡೊಂಕಾಗುತ್ತದೆ. ಬಾಯಿಯ ಮುಂದೆ ಕೂದಲೆಳೆಯಷ್ಟು ತಗ್ಗಾದರೂ ಅಲ್ಲಿ ಮರದ ಮೇಲೆ ಒತ್ತಡ ಬೀಳದು, ಕಿರಿದಾದ ಬಾಯಿಯಿಂದ ಪ್ರಯೋಜನವೂ ಸಿಗದು.

ತಳವನ್ನು ಸರಿಪಡಿಸುವಾಗ ಅಲಗನ್ನು ಒಳಕ್ಕೆ ಸರಿಸಿ ಬೆಣೆಯನ್ನು ಎಂದಿನಷ್ಟೇ ಬಿಗಿಯಾಗಿ ಹೊಡೆದಿರಬೇಕು, ಏಕೆಂದರೆ ಬೆಣೆಯ ಒತ್ತಡದಿಂದಲೂ ತಳ ತುಸು ಬಾಗುತ್ತದೆ. ತಳದ ತುಂಬ ಪೆನ್ಸಿಲ್ ಗೆರೆ ಎಳೆದು, ಗಾಜಿನ ಮೇಲೆ ಹಾಸಿದ ಉಪ್ಪುಕಾಗದದಲ್ಲಿ ಉಜ್ಜಿದರೆ ಗೆರೆ ಉಳಿದಲ್ಲಿ ತಗ್ಗು ಎಂದು ತಿಳಿಯುತ್ತದೆ. ಬಾಯಿಯ ಮುಂದಂಚಿನ ಗೆರೆ ಪೂರ್ತಿ ಅಳಿಯುವವರೆಗೆ ನಾನು ಕೈ ನಿಲ್ಲಿಸುವುದಿಲ್ಲ. ಹಿಂಬದಿಯಲ್ಲಿ ಚೂರುಪಾರು ಉಳಿದರೆ ಉಳಿಯಲಿ.